ಡಿಕ್ಕಿಯೊಳಗಿನ ಬ್ಯಾಟರಿ

ಮಂಚದ ಕೆಳಗೆ ನನ್ನ ಮಗಳು ಸಿದ್ದೇಶ್ವರಿಯ ಬ್ಯಾಟರಿ ಚಾರ್ಜರಿನ ಪೆಟ್ಟಿಗೆ ಇತ್ತು. ದಿನಾ ಕಸ ಹೊಡೆಯುವಾಗ ಕಸಬರಿಗೆ ಅದಕ್ಕೆ ತಾಗುತ್ತಿತ್ತು. ಎಳೆದು, ಸೆರಗಿನಿಂದ ಒರೆಸಿ, ಮತ್ತೆ ಅಲ್ಲಿಯೇ ತಳ್ಳುತ್ತಿದ್ದೆ. ಅಟ್ಟಕ್ಕೆ ಹಾಕೆಂದು ಮಗಳು ಹೇಳಲಿಲ್ಲ, ನಾನೂ ಹಾಕಲಿಲ್ಲ.

ಹೈದರಾಬಾದಿನ ಗ್ಯಾರೇಜೊಂದರಲ್ಲಿ ಅವಳು ದೊಡ್ಡ ಕಾರುಗಳ ಕರೆಂಟಿನ ಕೆಲಸ ಮಾಡುತ್ತಿದ್ದಳು. ಯುಗಾದಿಗೆ ಮುಂಚೆ ಒಂದು ದಿನ ಬ್ಯಾಟರಿಗೆ ಚಾರ್ಜರ್ ಜೋಡಿಸುವಾಗ ಅವಸರದಲ್ಲಿ ಕೆಂಪು ಕ್ಲಿಪ್ಪು ಕಪ್ಪಿನ ಜಾಗಕ್ಕೆ, ಕಪ್ಪು ಕೆಂಪಿನ ಜಾಗಕ್ಕೆ ಹಚ್ಚಿಬಿಟ್ಟಳು. ಕಾರಿನೊಳಗಿನ ಕಂಪ್ಯೂಟರ್ ಸುಟ್ಟಿತು. ಅವಳನ್ನು ಯಾರೂ ಹೊರಗೆ ಹಾಕಲಿಲ್ಲ. ತಾನೇ ಬಿಟ್ಟು ಬೀದರಿಗೆ, ಚಿದ್ರಿಯ ನಮ್ಮ ಮನೆಗೆ ಬಂದಳು. ಅಂದಿನಿಂದ ಮಿಕ್ಸರಿನ ಪ್ಲಗ್ ಚುಚ್ಚಲಿಕ್ಕೂ ನನ್ನನ್ನೇ ಕರೆಯುತ್ತಿದ್ದಳು. ಇಷ್ಟು ಕೆಲಸ ಬಲ್ಲ ಕೈಗೆ ಮತ್ತೆ ಧೈರ್ಯ ಬರುವುದೋ ಇಲ್ಲವೋ ಎಂಬ ಒಂದೇ ಚಿಂತೆ ನನಗೆ. ಆದರೂ ಹೋಗು, ಮಾಡು ಎಂದು ನೂಕಲಿಲ್ಲ.

ಹೀಗಿರುವಾಗ ಒಂದು ಮುಂಜಾನೆ ಪಂಢರಿ ಬಂದ. ಕಮಲನಗರದವನು, ಸಂಬಂಧದಲ್ಲಿ ನನಗೆ ತಮ್ಮ. ಯಾರೋ ಶ್ರೀಮಂತರು ಓಡಿಸಿ ಬಿಟ್ಟ ಹಳೆಯ ಜರ್ಮನ್ ಕಾರೊಂದನ್ನು ಕೊಂಡು ಮದುವೆಗಳಿಗೆ ಬಾಡಿಗೆಗೆ ಬಿಡುತ್ತಾನೆ. ಮುಂದಿನ ಗಾಜಿಗೆಲ್ಲ ಒಣಗಿದ ಚೆಂಡುಹೂವಿನ ಮಾಲೆ ತೂಗುತ್ತಿದ್ದ ಆ ಬಿಳಿ ಕಾರು ನಮ್ಮ ಓಣಿಯ ಅರ್ಧ ನುಂಗಿ ನಿಂತಿತು.

"ಅಕ್ಕಾ, ಸಿದ್ದಿ ಎಲ್ಲಿ?" ಚಪ್ಪಲಿ ಬಿಡುವ ಮೊದಲೇ ಕೇಳಿದ.

"ಗಾಡಿ ಸಲುವಾಗಿ ಬಂದಿ ಅನ್ನು. ಅಕ್ಕ ಹ್ಯಾಂಗ ಇದ್ದಾಳ ಅಂತ ಕೇಳಬ್ಯಾಡ."

"ನೀ ಚೆಂದ ಇದ್ದಿ, ಕಾಣ್ತದಲ್ಲ. ಗಾಡಿನೇ ಚೆಂದಿಲ್ಲ. ಎಂಜಿನ್ ಸುರು ಆಗ್ತದ. ಆದ್ರ ಖಿಡಕಿ ಇಳಿಯಲ್ಲ, ಎಸಿ ಬರಲ್ಲ, ಸೀಟು ಸರಿಯಲ್ಲ. ಹೋದ ವಾರ ಮದಿಮಗ ಬೆವತು ಬೆವತು ಹಲಬರ್ಗಾದಾಗ ಇಳದು ಟ್ರ್ಯಾಕ್ಟರ್ ಹತ್ಯಾನ. ನಾಳಿ ಔರಾದದಿಂದ ಭಾಲ್ಕಿಗಿ ಮದಿಮಗಳಿಗಿ ಒಯ್ಯೂದದ. ಇದೂ ಕೆಟ್ರ ನನ್ನ ಇಜ್ಜತ್ ಹೋಯ್ತು."

ಒಳಗೆ ಹಿಟ್ಟು ನಾದುತ್ತಿದ್ದ ಸಿದ್ದೇಶ್ವರಿ ಅಲ್ಲಿಂದಲೇ ಹೇಳಿದಳು: "ಮಾಮಾ, ನಾ ಆ ಕೆಲಸ ಬಿಟ್ಟೀನಿ. ಬ್ಯಾರೆಯವರಿಗಿ ತೋರ್ಸು."

"ಎಲ್ಲಾರಿಗೂ ತೋರ್ಸೀನವ್ವ. ಮುಂದಿನ ಬ್ಯಾಟರಿ ಹೊಸಾದು ಹಾಕ್ಸೀನಿ. ದಿನಾ ಚಾರ್ಜ್ ಹಚ್ತೀನಿ."

"ಮುಂದಿಂದು ಹಚ್ತಿ. ಹಿಂದಿಂದು?"

"ಹಿಂದ ಎಲ್ಲಿ ಅದ?"

ಹಿಟ್ಟು ನಾದುವ ಸಪ್ಪಳ ನಿಂತಿತು. ಸ್ವಲ್ಪ ಹೊತ್ತಿಗೆ ಮಗಳು ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು.

"ಇದಕ್ಕ ಎರಡು ಬ್ಯಾಟರಿ ಅವ ಮಾಮಾ. ಮುಂದಿಂದು ಎಂಜಿನ್ ಎಬ್ಬಸ್ಲಿಕ್ಕಷ್ಟೇ. ಖಿಡಕಿ, ಎಸಿ, ಲೈಟು, ಲಾಕು ಎಲ್ಲಾ ಡಿಕ್ಕಿಯಾಗಿನ ಬ್ಯಾಟರಿ ಮ್ಯಾಲ. ನೀ ಉಂಡವನಿಗೇ ಮತ್ತ ಉಣಸ್ಲತ್ತಿ. ಉಪಾಸ ಇದ್ದವ ಹಿಂದ ಕುಂತಾನ."

"ಡಿಕ್ಕಿನೂ ತೆರೀಲಾರ್ದಂಗ ಆಗ್ಯದ. ಗುಂಡಿ ಒತ್ತಿ ಒತ್ತಿ ಬಟ್ಟು ನೊಂದಾವ."

ಅವಳು ಕೈ ತೊಳೆದು ಬಂದಳು. ರಿಮೋಟಿನ ಹೊಟ್ಟೆಯಿಂದ ಸಣ್ಣದೊಂದು ಕಬ್ಬಿಣದ ಕೀಲಿ ಎಳೆದಳು. ಹಿಂದೆ ಕಟ್ಟಿದ್ದ ಮಾಲೆ ಸರಿಸಿ ಅದನ್ನು ತಿರುವಿದಾಗ ಡಿಕ್ಕಿ ತೆರೆಯಿತು. ಆ ಕೀಲಿ ಇತ್ತೆಂಬುದೇ ಪಂಢರಿಗೆ ಗೊತ್ತಿರಲಿಲ್ಲ.

"ಅವ್ವಾ, ಒಂದು ಕೌದಿ ತಾ. ಮುಚ್ಚಳ ತಪ್ಪಿ ಬಿದ್ರ ಚಾರ್ಜರಿನ ವೈರ್ ಜಜ್ತದ."

ಹಳೆಯ ಕೌದಿ ಮಡಚಿ ಡಿಕ್ಕಿಯ ಅಂಚಿಗೆ ಹಾಕಿದೆ. ಇನ್ನು ಬೇಕಾದದ್ದು ಚಾರ್ಜರ್. ಅವಳು ಒಳಗೆ ಹೋಗಿ ಮಂಚದ ಹತ್ತಿರ ನಿಂತುಬಿಟ್ಟಳು. ನಾನೇ ಬಗ್ಗಿ ಪೆಟ್ಟಿಗೆ ಎಳೆದುಕೊಟ್ಟೆ. ಅದರ ಮುಚ್ಚಳದ ಮೇಲೆ ಕೈಯಾಡಿಸಿದಳು.

"ಧೂಳಿಲ್ಲಲ್ಲ ಇದಕ್ಕ."

"ಎಲ್ಲಿಂದ ಇರ್ತದ."

ಬ್ಯಾಟರಿಯ ಮುಂದೆ ಕೂತು ಕೆಂಪು ಕ್ಲಿಪ್ಪು ಹಿಡಿದಳು, ಹಚ್ಚಲಿಲ್ಲ. "ಅವ್ವಾ, ಗುರ್ತು ನೀ ನೋಡಿ ಹೇಳು."

ಕನ್ನಡಕ ಹಾಕಿಕೊಂಡು ಬಗ್ಗಿದೆ. "ಇಲ್ಲಿ ಕೂಡಿಸೂ ಗುರ್ತದ. ನಿನ್ನ ಕೈಯಾಗ ಕೆಂಪದ."

"ಇನ್ನೊಮ್ಮಿ ನೋಡು."

ಇನ್ನೊಮ್ಮೆ ನೋಡಿದೆ. ಒಲೆಯ ಮೇಲೆ ಬೇಳೆ ಕುದಿಯುತ್ತಿತ್ತು, ಉಕ್ಕಿದರೆ ಉಕ್ಕಲಿ ಎಂದುಕೊಂಡು ಮತ್ತೂ ಒಮ್ಮೆ ನೋಡಿದೆ. ಕೆಂಪನ್ನು ಅಲ್ಲಿ ಹಚ್ಚಿದಳು. ಕಪ್ಪನ್ನು ಬ್ಯಾಟರಿಗೆ ಹಚ್ಚದೆ ಪಕ್ಕದಲ್ಲೇ ಕಾರಿನ ಮೈಗಿದ್ದ ಬೋಲ್ಟಿಗೆ ಹಚ್ಚಿದಳು. ಚಾರ್ಜರಿನ ಸಣ್ಣ ದೀಪ ಹತ್ತಿತು.

"ಹಿಂಗ ತೆಳ್ಳಗ ಹರದ್ರ ಯಾವಾಗ ತುಂಬ್ತದ?" ಎಂದ ಪಂಢರಿ. "ಲಾರಿಗಿ ಹಚ್ಚೂ ದೊಡ್ಡ ಚಾರ್ಜರ್ ತರ್ಲೇನು? ಜಲ್ದಿ ಆಗ್ತದ."

"ಬ್ಯಾಡ ಮಾಮಾ. ಜಲ್ದಿ ಮಾಡೇ ನಾ ಒಂದು ಗಾಡಿ ಸುಟ್ಟೀನಿ."

ಆ ಮಾತನ್ನು ಅವಳು ನನ್ನನ್ನು ಬಿಟ್ಟು ಇನ್ನೊಬ್ಬರ ಮುಂದೆ ಆಡಿದ್ದು ಅದೇ ಮೊದಲು. ನಾನು ಬೇಳೆ ನೋಡಲು ಒಳಗೆ ಹೋದೆ.

ಊಟವಾಯಿತು. ಪಂಢರಿ ಪಡಸಾಲೆಯಲ್ಲಿ ಒಂದು ನಿದ್ದೆ ತೆಗೆದ. ನಾನು ಪಾತ್ರೆ ತೊಳೆದು, ಒಣಗಿದ ಬಟ್ಟೆ ತಂದು, ನಾಳೆಗೆ ಕಾಳು ನೆನೆಹಾಕಿದೆ. ಪ್ರತಿ ಸಲ ಹೊರಗೆ ಬಂದಾಗಲೂ ಅವಳು ಮೀಟರ್ ಹಿಡಿದು ಡಿಕ್ಕಿಯ ಹತ್ತಿರವೇ ಇದ್ದಳು. ಮೊದಮೊದಲು ಏರಿದ ಅಂಕಿ ಹೊತ್ತು ಇಳಿದಂತೆ ಒಂದೇ ಕಡೆ ನಿಂತುಬಿಟ್ಟಿತು. ಅವಳ ಮುಖ ಸಣ್ಣದಾಗುತ್ತ ಬಂತು.

"ಏರವಲ್ಲದು ಅವ್ವಾ. ನನ್ನಿಂದ ಮತ್ತ ಏನೋ ಆಗ್ಯದ. ಬಿಚ್ತೇನಿ. ಮಾಮಗ ಬ್ಯಾರೆ ಕಡಿ ಒಯ್ಯಂತ ಹೇಳು."

"ತಡಿ. ದೀಪ ಹಚ್ಚಿ ಬರ್ತೇನಿ, ಆಮ್ಯಾಲ ಬಿಚ್ಚು," ಎಂದೆ.

ಗೂಡಿನಲ್ಲಿ ಇಡಲು ಎಣ್ಣೆಯ ದೀಪ ಹಚ್ಚಿಕೊಂಡು ಹೊಸ್ತಿಲಿಗೆ ಬಂದೆ. ಸಂಜೆ ಕವಿಯುತ್ತಿತ್ತು. ಕಾರಿನ ಗಾಜಿನ ಹಿಂದೆ, ಒಣಮಾಲೆಗಳ ನಡುವೆ, ಹಳದಿ ಬೆಳಕೊಂದು ಕಂಡಿತು. ಮುಂಜಾನೆ ಅದು ಇರಲಿಲ್ಲ.

"ಪಂಢರಿ, ಗಾಡಿ ಬಂದ್ ಅದಲ್ಲ. ಒಳಗ ಹತ್ತಿದ್ದು ಏನದು?"

ಅವನು ಓಡಿಬಂದು ಗಾಜಿಗೆ ಹಣೆ ಹಚ್ಚಿ ನೋಡಿದ. ಅವನ ಮುಖ ಅರಳಿತು. "ವಿಠೋಬನ ದೀಪ ಅಕ್ಕಾ. ನಮ್ಮ ಪುತಳಾಬಾಯಿ ಅವ್ವನ ಹರಕಿ. ಗಾಡಿ ತಂದ ದಿನದಿಂದ ಆರಬಾರ್ದು ಅಂದಾಳ. ನಿನ್ನೆ ಆರಿತ್ತು, ಅವ್ವಗ ಹೇಳೇ ಇಲ್ಲ ನಾ. ಈಗ ತಾನೇ ಹತ್ಯದ ನೋಡು."

ಸಿದ್ದೇಶ್ವರಿ ಬಾಗಿಲು ತೆಗೆದು ಒಳಗೆ ಬಗ್ಗಿದಳು. ಸಣ್ಣ ಮೂರ್ತಿಯ ಮುಂದೆ, ಮನೆಯಲ್ಲಿ ಹಚ್ಚುವಂಥ ಗುಂಡನೆಯ ಬಲ್ಬು. ಅದರ ವೈರು ಕಾರ್ಪೆಟ್ಟಿನ ಕೆಳಗೆ ಹರಿದು ಹಿಂದಕ್ಕೆ ಹೋಗಿತ್ತು. ಡಿಕ್ಕಿಯಲ್ಲಿದ್ದ ಹೂವಿನ ಗೋಣಿಚೀಲ ಎತ್ತಿದರೆ ಕೆಳಗೊಂದು ಪುಟ್ಟ ಇನ್ವರ್ಟರ್, ನೇರ ಹಿಂದಿನ ಬ್ಯಾಟರಿಯ ವೈರಿಗೇ, ಚೀಲದ ಅಡಿ ಕಾಣದಂತೆ ಕಟ್ಟಿದ್ದು.

"ಇದು ಯಾರು ಹಚ್ಯಾರ ಮಾಮಾ?"

"ಮದಿವಿ ಲೈಟಿಂಗ್ ಮಾಡವ. ಆರಬಾರ್ದು ಅಂದೆ, ಹಚ್ಚಿಕೊಟ್ಟ."

ಅವಳು ಡಿಕ್ಕಿಯ ಅಂಚಿಗೆ ಕೂತು ನಗಲು ಶುರುಮಾಡಿದಳು. ಎಷ್ಟು ದಿನವಾಗಿತ್ತೋ ಆ ನಗೆ ಕೇಳಿ. "ಅವ್ವಾ, ನಾ ಏನೂ ಸುಟ್ಟಿಲ್ಲ. ಚಾರ್ಜ್ ಬರೋಬ್ಬರಿ ಒಳಗ ಹೋಗ್ಯದ. ಅದಕ್ಕೇ ಆರಿದ ದೀಪ ಹತ್ಯದ. ನಾ ಹಾಕಿದ್ದೆಲ್ಲಾ ವಿಠೋಬನೇ ಉಂಡಾನ."

"ಹಂಗಾದ್ರ ಬಿಚ್ಚಬೇಕಾ?" ಪಂಢರಿಯ ಧ್ವನಿ ಇಳಿಯಿತು. "ಅವ್ವಗ ಏನಂತ ಹೇಳ್ಲಿ?"

"ದೀಪ ಇರ್ಲಿ ಮಾಮಾ. ಅದಕ್ಕ ಅದರದೇ ಬ್ಯಾಟರಿ ಇರ್ಲಿ." ಅವಳು ಅಂಗಳದಲ್ಲಿ ನಿಂತ ತನ್ನ ಸ್ಕೂಟಿಯ ಬ್ಯಾಟರಿ ಬಿಚ್ಚಿ ತಂದಳು. ಚಾರ್ಜರ್ ಪೆಟ್ಟಿಗೆಯಲ್ಲಿದ್ದ ಸಣ್ಣ ಎಲ್‌ಇಡಿಯನ್ನೂ ತೆಗೆದಳು. "ಇದು ಭಾಳ ಕಡಿಮಿ ತಿಂತದ. ಗಾಡಿ ಮನಿಗಿ ಬಂದಾಗೆಲ್ಲ ಇದಕ್ಕೂ ಚಾರ್ಜ್ ಹಚ್ಚು."

"ಬದಲಿ ಮಾಡೂತನಕ ಆರ್ತದಲ್ಲವ್ವ."

ನಾನು ಕೈಯಲ್ಲಿದ್ದ ಎಣ್ಣೆಯ ದೀಪ ಅವನಿಗೆ ಕೊಟ್ಟೆ. "ಇದು ಹಿಡ್ಕೊಂಡು ಮೂರ್ತಿ ಮುಂದ ನಿಂದ್ರು. ಅಷ್ಟೊತ್ತು ಇದೇ ನಿನ್ನ ದೀಪ."

ಪಂಢರಿ ಗಾಳಿಗೆ ಅಂಗೈ ಅಡ್ಡ ಹಿಡಿದು, ಉಸಿರೂ ಬಿಗಿಹಿಡಿದು, ಕಾರಿನ ತೆರೆದ ಬಾಗಿಲಲ್ಲಿ ನಿಂತ. ಪಕ್ಕದ ಮನೆಯ ಅನ್ವರಿ ಬೇಗಂ ಹೆಪ್ಪಿಗೆ ಮೊಸರು ಕೇಳಲು ಬಂದವಳು ಬಟ್ಟಲು ಹಿಡಿದು ಅಲ್ಲಿಯೇ ನಿಂತಳು.

"ಏನ್ ಭಯ್ಯಾ, ಗಾಡಿದು ಶಾದಿ ಅದ ಏನು ಇವತ್ತು?"

"ನಗಬ್ಯಾಡ್ರಿ ಬೇಗಂ ಸಾಹೇಬಾ, ಆರಿದ್ರ ನಮ್ಮವ್ವ ಮನಿಯಾಗ ತಗೊಳಲ್ಲ."

ಸಿದ್ದೇಶ್ವರಿ ಕಾರಿನೊಳಗೆ ಬಗ್ಗಿ ಕೆಂಪು ವೈರು, ಕಪ್ಪು ವೈರು ಸೇರಿಸಿದಳು. ಈ ಸಲ ಗುರುತು ನೋಡೆಂದು ನನ್ನನ್ನು ಕರೆಯಲಿಲ್ಲ. ನಾನು ಬೇಗಂಗೆ ಮೊಸರು ಹಾಕಿಕೊಡುವಷ್ಟರಲ್ಲಿ ಮೂರ್ತಿಯ ಮುಂದೆ ಬಿಳಿಯ ಬೆಳಕು ನಿಂತಿತ್ತು.

ಹಿಂದಿನ ಬ್ಯಾಟರಿ ಬೆಳಗಿನವರೆಗೆ ಸಾವಕಾಶವಾಗಿ ತುಂಬಿತು. ಮುಂಜಾನೆ ಪಂಢರಿ ಗುಂಡಿ ಒತ್ತಿದ ಕೂಡಲೇ ನಾಲ್ಕೂ ಗಾಜು ಸರಸರ ಇಳಿದವು. ಅವನು ಏರಿಸಿದ, ಇಳಿಸಿದ, ಮತ್ತೆ ಏರಿಸಿದ.

"ಸಾಕು ಮಾಮಾ, ಮತ್ತ ಖಾಲಿ ಮಾಡ್ತಿ," ಎಂದು ಮಗಳು ಗದರಿದಳು. ಆಮೇಲೆ ನನ್ನ ಕಡೆ ತಿರುಗಿ, "ಅವ್ವಾ, ರೊಟ್ಟಿ ಕಟ್ಟಿಕೊಡು. ಔರಾದದಿಂದ ಭಾಲ್ಕಿತನಕ ನಾನೂ ಗಾಡಿ ಜೋಡಿ ಹೋಗಿ ನೋಡ್ತೇನಿ. ಹಾದ್ಯಾಗ ಏನಾದ್ರೂ ಆದ್ರ ನಾ ಇರ್ಬೇಕು."

ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟೆ. ಚಾರ್ಜರ್ ಪೆಟ್ಟಿಗೆಯನ್ನು ಅವಳು ಕಾಲ ಹತ್ತಿರ ಇಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತಳು.

ಅವರು ಹೋದ ಮೇಲೆ ಕಸಬರಿಗೆ ಹಿಡಿದೆ. ಮಂಚದ ಕೆಳಗೆ ಅದು ಈ ಗೋಡೆಯಿಂದ ಆ ಗೋಡೆಯವರೆಗೆ ಎಲ್ಲಿಯೂ ತಾಗದೆ ಹೋಯಿತು.