ಮುಗಿಲಿನಿಂದ ಬಿದ್ದವನ ಬಟ್ಟೆ

“ಅವ ಬದುಕಿದನೋ ಸತ್ತನೋ, ಅದೊಂದು ಹೇಳವ್ವ. ಉಳಿದದ್ದು ನಿನ್ನ ಪುಸ್ತಕಕ್ಕ ಇರಲಿ.”

ಬಂಡ್ರಿಯ ಎರ್ರೆಮ್ಮ ಕಾವ್ಯಳನ್ನು ಕೂಡ್ರಲೂ ಬಿಡಲಿಲ್ಲ. ಹೊಸಪೇಟೆಯ ಕಾಲೇಜಿನಲ್ಲಿ ಇತಿಹಾಸ ಕಲಿಸುವ ಕಾವ್ಯ, ಮಹಾಯುದ್ಧದ ಕಾಲದಲ್ಲಿ ಊರ ಗುಡ್ಡಕ್ಕೆ ಬಡಿದ ಬ್ರಿಟಿಷ್ ವಿಮಾನದ ಬೆನ್ನು ಹತ್ತಿದ್ದಳು. ಒಳಗಿದ್ದವರು ಯಾರು, ಕಾಪಾಡಿದವರು ಯಾರು ಎಂದು ಕೇಳುತ್ತಲೇ ಹೋದ ತಿಂಗಳು ಈ ಮನೆಗೆ ಬಂದಿದ್ದಳು. ಕಾಪಾಡಿದವನು ಎರ್ರೆಮ್ಮನ ಮಾವ ಹಂಪಯ್ಯ. ವಿಮಾನದಲ್ಲಿದ್ದವರು ಸುಟ್ಟುಹೋದರು, ಪ್ಯಾರಾಚೂಟ್ ಕಟ್ಟಿಕೊಂಡು ಹಾರಿ ಮುಳ್ಳುಕಂಟಿಗೆ ಸಿಕ್ಕ ಒಬ್ಬನನ್ನು ಹಂಪಯ್ಯ ಕಂಬಳಿಯಲ್ಲಿ ಸುತ್ತಿ ಹೊತ್ತು ಇಳಿಸಿದ್ದ. ಮಿಲಿಟರಿ ಲಾರಿ ಆ ಸಿಪಾಯಿಯನ್ನು ಒಯ್ದಿತು. ಪ್ಯಾರಾಚೂಟಿನ ಬಟ್ಟೆ ಇಲ್ಲೇ ಉಳಿಯಿತು.

ಹುಟ್ಟಿದ ಕೂಸಿಗೆ ಹೊಸ ಬಟ್ಟೆ ಆಗದು, ಬಾಳಿ ಬದುಕಿದವರ ಹಳೇ ಬಟ್ಟೆಯಲ್ಲೇ ಮಲಗಿಸಬೇಕು. ಮುಗಿಲಿನಿಂದ ಬಿದ್ದೂ ಉಸಿರು ಹಿಡಿದವನಿಗಿಂತ ಗಟ್ಟಿ ಜೀವ ಯಾರದು? ಅಂದಿನಿಂದ ಈ ಮನೆಯ ಕೂಸುಗಳೆಲ್ಲ ಮೊದಲು ಮಲಗಿದ್ದು ಅದರಲ್ಲೇ. ಈಗ ಮೊಮ್ಮಗಳು ಅನ್ನಪೂರ್ಣ ಚೊಚ್ಚಲ ಹೆರಿಗೆಗೆ ಬಂದಿದ್ದಾಳೆ. ಅವಳ ಅತ್ತೆ, ಕಂಪ್ಲಿಯ ಬೀಗಿತಿ, ಸೀಮಂತದ ದಿನವೇ ಅಂದುಬಿಟ್ಟಿದ್ದಳು: “ಆ ಸಿಪಾಯಿ ದಾರ್ಯಾಗ ಸತ್ತಿದ್ರ? ಹೆಣದ ಬಟ್ಟ್ಯಾಗ ನಮ್ಮ ಕೂಸು ಬ್ಯಾಡ.” ಎಂಥ ಬಾಯಿ! ಅಂದಿನಿಂದ ಎರ್ರೆಮ್ಮ ಆ ಬಟ್ಟೆಯಿಟ್ಟ ಟ್ರಂಕಿನ ಮುಚ್ಚಳ ತೆರೆದಿರಲಿಲ್ಲ. ತಾನು ಅದರಲ್ಲಿ ಸುತ್ತಿದ ಮಕ್ಕಳನ್ನೆಲ್ಲ ನೆನೆದು ಅಂಜಿದ್ದಳು.

ಕಾವ್ಯ ಮೊಬೈಲ್ ಮುಂದೆ ಹಿಡಿದಳು. “ಆ ಸಿಪಾಯಿ ಮಗಳು ಸಿಕ್ಕಾಳ್ರಿ ಅಜ್ಜಿ. ಈ ಫೋಟೋ ಕಳಿಸ್ಯಾಳ.”

ಹಣ್ಣು ಹಣ್ಣು ಮುದುಕನೊಬ್ಬ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಬೊಚ್ಚುಬಾಯಿ ತೆರೆದು ನಗುತ್ತಿದ್ದ.

“ಇವನಾ?”

“ಹೌದ್ರಿ, ಅವರ ನೋಡ್ರಿ. ತೊಂಬತ್ತು ದಾಟಿದ್ರು. ಚೂರು ಕುಂಟತಿದ್ರಂತ, ಅಷ್ಟ. ತೊಡಿ ಮ್ಯಾಲಿರೋದು ಮರಿಮಗ.”

ಎರ್ರೆಮ್ಮ ಗಳಗಳ ಅತ್ತಳು. ಅಳುತ್ತಲೇ ನಕ್ಕಳು. “ಅಯ್ಯ ನನ್ನ ಹಡದವ್ವ! ಇದನ್ನ ಕೇಳಾಕ ನಮ್ಮ ಮಾವ ಇರಬೇಕಿತ್ತು. ಅನ್ನಪೂರ್ಣಿ, ನಿಮ್ಮತ್ತೆಗೆ ಫೋನ್ ಹಚ್ಚು, ಜಲ್ದಿ!”

“ಅತ್ತೆಗೆ ಆಮ್ಯಾಲ ಹೇಳಿದ್ರಾತು,” ಸೊಂಟಕ್ಕೆ ಕೈಕೊಟ್ಟು ಏಳುತ್ತ ಅನ್ನಪೂರ್ಣ ಅಂದಳು. “ಮೊದ್ಲು ಟ್ರಂಕ್ ತಗೀ ಅಜ್ಜಿ. ಬಟ್ಟಿ ಒಗ್ಯಾದು ಬ್ಯಾಡೇನು?”

ಮಧ್ಯಾಹ್ನಕ್ಕೆ ಆ ಬಿಳಿ ಬಟ್ಟೆ ಅಂಗಳದ ಹಗ್ಗದ ಮೇಲಿತ್ತು. ಒಣಗುತ್ತ ಬಂದಂತೆ ಹಗುರಾಯಿತು. ಗುಡ್ಡದ ಕಡೆಯಿಂದ ಬಂದ ಗಾಳಿ ಒಳಹೊಕ್ಕು ದುಂಡಗೆ ಉಬ್ಬಿತು. ಹಾರಿಹೋದೀತೆಂದು ಅನ್ನಪೂರ್ಣ ಅದರ ಚುಂಗು ಹಿಡಿದುಕೊಂಡು ನಿಂತಳು.