ಹೊಸತು ಬಲಕ್ಕೆ

ಅಣ್ಣ ಪ್ಲೇಟು ತರಲು ಹೊರಟಾಗ ಅಜ್ಜಿಗೆ ಹೊಳೆದದ್ದು ಊಟದ ಪ್ಲೇಟು. ಗ್ರಾಂಟ್ ರೋಡಿನಲ್ಲಿ ಅಪ್ಪನ ಹೋಟೆಲು, ಅದರ ಮೇಲಿನ ಖೋಲಿಯಲ್ಲಿ ನಮ್ಮ ಸಂಸಾರ. ಆ ಬಿಲ್ಡಿಂಗಿನಲ್ಲಿ ಪ್ಲೇಟು ಎಂದರೆ ಇಡ್ಲಿಯದು, ತಪ್ಪಿದರೆ ಗೋಳಿಬಜೆಯದು.

"ಕೆಳಗೆ ರಾಶಿ ಉಂಟಲ್ಲ ಮಗಾ, ಮತ್ತೆಂತಕ್ಕೆ?"

"ಅದಲ್ಲ ಅಜ್ಜಿ, ಕಬ್ಬಿಣದ್ದು. ನಡುವೆ ತೂತು ಇರ್ತದೆ. ಸರಳಿಗೆ ಸಿಕ್ಕಿಸಿ ಎತ್ತುವುದು."

"ತೂತಿನ ಪ್ಲೇಟಾ! ಸಾರು ಬಡಿಸಿದ್ರೆ ಎಂತ ಗತಿ?"

ನಾನು ನಕ್ಕೆ. ಅಣ್ಣ ಶೇಖರ ನಗಲಿಲ್ಲ. ಓಡುವ ಲೋಕಲ್ ಹತ್ತಲು ಹೋಗಿ ಬಿದ್ದು ಅವನ ಎಡಗೈ ಮುರಿದಿತ್ತು. ಮೂಳೆ ಕೂಡಿಕೊಂಡರೂ ಕೈ ಸೊರಗಿಹೋಯಿತು. ಅಂದಿನಿಂದ ಆ ಕೈ ಜೇಬಿನಲ್ಲೇ ಇರುತ್ತಿತ್ತು. ವಿಕ್ರೋಳಿಯ ಒಂದು ಕಾರ್ಖಾನೆಯ ಬೆಂಕಿ ಆರಿಸುವ ದಳಕ್ಕೆ ಜನ ಬೇಕಾಗಿದ್ದರು. ದಸರೆ ಕಳೆದ ಮೇಲೆ ಪರೀಕ್ಷೆ: ತೂಕ ಕಟ್ಟಿದ ಸರಳನ್ನು ತಲೆಯ ಮೇಲೆತ್ತಿ ಸಮವಾಗಿ ಹಿಡಿಯಬೇಕು. ದಳದವರು ಎತ್ತಿ ಹಿಡಿದ ಏಣಿ ಓರೆಯಾದರೆ ಮೇಲೆ ಹತ್ತಿದವನು ಬೀಳುತ್ತಾನಲ್ಲ, ಅದಕ್ಕೆ. ಆಗದಿದ್ದರೆ ಜೀವಮಾನವಿಡೀ ಅಪ್ಪನ ಗಲ್ಲಾಪೆಟ್ಟಿಗೆಯ ಹಿಂದೆ ಕೂರುವುದು. ಅಣ್ಣನಿಗೆ ಆ ಕುರ್ಚಿ ಎಂದರೆ ಬಾವಿಯ ತಳ.

ಮೊದಲು ಅವನು ವ್ಯಾಯಾಮಶಾಲೆಗೇ ಹೋಗುತ್ತಿದ್ದ. ಸರಳು ಎಡಕ್ಕೆ ವಾಲಿದಾಗಲೆಲ್ಲ ಅಲ್ಲಿನ ಹುಡುಗರು "ಆಲಾ ರೇ ಆಲಾ, ತರಾಜು ಶೆಟ್ಟಿ ಆಲಾ!" ಎಂದು ಕೂಗುತ್ತಿದ್ದರು. ತಕ್ಕಡಿ ಶೆಟ್ಟಿ ಬಂದನಂತೆ! ಮತ್ತೆ ಅವನು ಅತ್ತ ತಲೆ ಹಾಕಲಿಲ್ಲ. ನಮ್ಮ ಬಿಲ್ಡಿಂಗಿನ ನೆತ್ತಿಯ ಗಚ್ಚಿಯ ಮೇಲೆಯೇ ಒಬ್ಬನೇ ಎತ್ತುತ್ತೇನೆ ಎಂದ.

ಚೋರ್ ಬಜಾರಿಗೆ ನಾನೂ ಜೊತೆಗೆ ಹೋದೆ. ಮೂಕವಾದ ಗ್ರಾಮಫೋನುಗಳು, ತೂಗುದೀಪಗಳ ನಡುವೆ ಅದು ಕೂತಿತ್ತು: ದುಂಡಗಿನ ಹಳೆಯ ಕಬ್ಬಿಣ, ಕಪ್ಪಿನ ಮೇಲೆ ಬಳಿದ ಹಸಿರು ಬಣ್ಣ, ಸವೆದುಹೋದ ಇಂಗ್ಲಿಷ್ ಅಕ್ಷರ, 25 ರಾತಲು ಎಂಬ ಗುರುತು. ಯಾವ ದೊರೆಯ ಬಂಗಲೆಯಲ್ಲಿತ್ತೋ, ಯಾವ ಹಡಗಿನಲ್ಲಿ ಬಂತೋ ಎಂದು ನಾನು ಆಗಲೇ ಕತೆ ಕಟ್ಟತೊಡಗಿದ್ದೆ.

"ಇಸ್ಕಾ ಜೋಡಿ ಕಹಾಂ ಹೈ, ಚಾಚಾ?" ಅಣ್ಣ ಕೇಳಿದ.

"ಜೋಡಿ ತೋ ಆದ್ಮೀ ಕೋ ನಹೀ ಮಿಲ್ತಾ ಬೇಟಾ, ಲೋಹೇ ಕೋ ಕಹಾಂ ಸೆ ಮಿಲೇಗಾ?" ಎಂದ ಮುದುಕ.

ಮನುಷ್ಯರಿಗೇ ಇಲ್ಲದ ಜೋಡಿ ಕಬ್ಬಿಣಕ್ಕೆಲ್ಲಿಂದ! ಇನ್ನೊಂದನ್ನು ಆಟದ ಸಾಮಾನಿನ ಅಂಗಡಿಯಲ್ಲಿ ಹೊಸದಾಗಿಯೇ ಕೊಂಡೆವು. ರಾತಲು ಹೋಗಿ ಕಿಲೋ ಬರುತ್ತಿದ್ದ ಕಾಲ ಅದು. ಹೊಸ ಪ್ಲೇಟಿನ ಮೇಲೆ ಹತ್ತು ಕಿಲೋ ಎಂದಿತ್ತು. "ದಸ್ ಕಿಲೋ, ಪಚ್ಚೀಸ್ ರತಲ್, ಏಕ್ ಹೀ ಬಾತ್. ಸರ್ಕಾರ್ ನೇ ಖಾಲಿ ನಾಮ್ ಬದ್ಲಾ ಹೈ" ಎಂದ ಅಂಗಡಿಯವನು. ಹೆಸರು ಬದಲಾದರೆ ಭಾರ ಬದಲಾಗುತ್ತದೆಯೇ? ನಂಬಿದೆವು.

ಮನೆಗೆ ಬಂದೊಡನೆ ಅಜ್ಜಿ ಹೊಸ ಪ್ಲೇಟಿಗೆ ಕುಂಕುಮ ಇಟ್ಟಳು. "ಹೊಸತು ಬಲಕ್ಕೆ ಹಾಕು" ಎಂದಳು. ಹೊಸ ಸೊಸೆಯ ಕಾಲು, ಹೊಸ ಅಕ್ಕಿಯ ತುತ್ತು, ಅವಳಿಗೆ ಹೊಸತೆಲ್ಲ ಬಲಕ್ಕೇ. ಅಣ್ಣ ಅದನ್ನು ಒಂದು ದಿನವೂ ಮೀರಲಿಲ್ಲ.

ಬೆಳಿಗ್ಗೆ ಬೆಳಿಗ್ಗೆ ಗಚ್ಚಿಯ ಮೇಲೆ ಅವನು ಎತ್ತುತ್ತಿದ್ದ, ಎದುರಿನ ಕಟ್ಟೆಯ ಅಂಚಿಗೆ ಸರಳು ಸಮ ಬಂತೇ ಎಂದು ನಾನು ನೋಡುತ್ತಿದ್ದೆ.

"ಹೇಗುಂಟು, ಚಂಪಾ?"

"ಎಡಕ್ಕೆ ಸ್ವಲ್ಪ..."

"ಸ್ವಲ್ಪವೋ, ತುಂಬವೋ?"

ಮಳೆಗಾಲ ಕಳೆಯಿತು, ನವರಾತ್ರಿ ಬಂತು, ಎಡತುದಿ ಮಾತ್ರ ಮೇಲೇಳಲಿಲ್ಲ.

ಎತ್ತುವವನ ಹೆಸರು ಕೇಳುವ ಕಲ್ಲೊಂದರ ಕತೆ ಅಜ್ಜಿ ಹೇಳುತ್ತಿದ್ದಳು. ಹೆಸರು ಹಿಡಿಸಿದರೆ ಹೂವಾಗುತ್ತದಂತೆ, ಹಿಡಿಸದಿದ್ದರೆ ಬೆಟ್ಟವಾಗುತ್ತದಂತೆ. ಆದ್ದರಿಂದ ಅಣ್ಣ ತನ್ನ ಕೈಯನ್ನು ಬೈದುಕೊಂಡಾಗ ನನಗೆ ಅನುಮಾನವಿದ್ದದ್ದು ಆ ಹಳೆಯ ಪ್ಲೇಟು, ಹಸಿರು ಮುದುಕನ ಮೇಲೆ. ಜೋಡಿ ಕಳಕೊಂಡವನು ಮುನಿಸಿಕೊಂಡಿದ್ದಾನೆ ಅಂದುಕೊಂಡೆ. ಹೇಳಿದರೆ ಯಾರು ಕೇಳುತ್ತಾರೆ? ಅಣ್ಣನ ಕೈಯ ಬದಲು ಪ್ಲೇಟನ್ನೇ ನೋಡುತ್ತ ಕೂರುತ್ತಿದ್ದೆ.

ಆಯುಧಪೂಜೆಗೆ ಹೋಟೆಲಿನ ಅಡುಗೆಯ ಕೊರಗಪ್ಪ ಸರಳು, ಪ್ಲೇಟು ಎಲ್ಲವನ್ನೂ ಕೆಳಗೊಯ್ದು ರುಬ್ಬುಕಲ್ಲು, ಸೌಟು, ಈಳಿಗೆಮಣೆಗಳ ಸಾಲಿನಲ್ಲಿಟ್ಟ. ಎರಡಕ್ಕೂ ಕುಂಕುಮ, ಎರಡಕ್ಕೂ ಚೆಂಡುಹೂ. ಮರುದಿನ ಅವನೇ ಪ್ಲೇಟು ಸಿಕ್ಕಿಸಿ ಗಚ್ಚಿಗೆ ಹೊತ್ತು ತಂದ.

"ಇವತ್ತೇ ಕೊನೆ. ಪರೀಕ್ಷೆಗೆ ಹೋಗುವುದಿಲ್ಲ" ಎಂದು ಅಣ್ಣ ಎತ್ತಿದ. ಸರಳು ಬಲಕ್ಕೆ ವಾಲಿತು.

ಅವನು ಅದನ್ನು ಇಳಿಸಿ ಕುಸಿದು ಕೂತ. "ಈಗ ಬಲಗೈಯೂ ಹೋಯ್ತು."

"ಕೈ ಹೋದದ್ದಲ್ಲ ಅಣ್ಣ. ಮುದುಕ ಆಚೆ ಹೋಗಿ ಕೂತಿದ್ದಾನೆ!"

"ಯಾವ ಮುದುಕ, ಮಾರಾಯ್ತಿ?"

"ಹಸಿರು ಪ್ಲೇಟು. ನೋಡು, ಇವತ್ತು ಬಲಕ್ಕುಂಟು. ಅದು ಇದ್ದಲ್ಲೇ ತಗ್ಗು."

ಅಣ್ಣ ಪ್ಲೇಟು ನೋಡಿದ, ನನ್ನನ್ನು ನೋಡಿದ. ಎರಡೂ ಪ್ಲೇಟು ಕಳಚಿ ಎತ್ತಿಕೊಂಡು ಮೆಟ್ಟಿಲಿಳಿದು ಓಡಿದ. ಅಕ್ಕಿ ತೂಗುವ ತಕ್ಕಡಿಯಲ್ಲಿ ಎದುರುಬದುರು ಇಟ್ಟಾಗ ಹಳೆಯದು ದಡಕ್ಕನೆ ಕೆಳಗೆ ಕೂತಿತು. ಹೊಸತಿನ ಮೇಲೆ ಕೊರಗಪ್ಪ ಬಟಾಟೆ ಇಡುತ್ತ ಹೋದ.

"ಮೂರು ರಾತಲು ಹತ್ತಿರ ಉಂಟಲ್ಲ ಧನಿ! ಇಷ್ಟು ಬಟಾಟೆಯನ್ನು ನಿಮ್ಮ ಎಡಗೈ ದಿನಾ ಹೆಚ್ಚಿಗೆ ಎತ್ತಿದ್ದಾ?"

ಅಣ್ಣ ಎಡತೋಳನ್ನು ಮಡಿಸಿ ನೋಡಿಕೊಂಡ. ಅದು ತುಂಬಿಕೊಂಡಿತ್ತು. ನಾವಿಬ್ಬರೂ ದಿನಾ ಸರಳಿನ ತುದಿ ನೋಡುತ್ತಿದ್ದೆವು, ತೋಳನ್ನು ಯಾರೂ ನೋಡಿರಲಿಲ್ಲ.

ಅಜ್ಜಿಗೆ ತಿಳಿಸಿದರೆ ಅವಳಿಗೆ ಆಶ್ಚರ್ಯವೇ ಇಲ್ಲ. "ಹೊಸತು ಬಲಕ್ಕೆ ಅಂತ ಹೇಳಿದ್ದು ಮತ್ತೆಂತಕ್ಕೆ?" ಎಂದಳು. ಇಷ್ಟು ದಿನ ಕೊರಗಿದ್ದಕ್ಕೆ ಅವಳನ್ನು ದೂರಬೇಕೋ, ತೋಳು ತುಂಬಿದ್ದಕ್ಕೆ ಕಾಲಿಗೆ ಬೀಳಬೇಕೋ, ನನಗಿನ್ನೂ ತಿಳಿದಿಲ್ಲ.

ವಿಕ್ರೋಳಿಯಲ್ಲಿ ಎರಡು ಬದಿಗೂ ಒಂದೇ ಅಚ್ಚಿನ ಪ್ಲೇಟುಗಳಿದ್ದವಂತೆ. ಸರಳು ಮೇಲೇರಿ ಸಮವಾಗಿ ನಿಂತಾಗ ಸಾಹೇಬ ಸುತ್ತ ಒಂದು ಪ್ರದಕ್ಷಿಣೆ ಹಾಕಿ ನೋಡಿ, "ಬರಾಬರ್" ಎಂದನಂತೆ. ಆ ಒಂದು ಶಬ್ದವನ್ನು ಅಣ್ಣ ಮನೆಯಲ್ಲಿ ಎಷ್ಟು ಸಲ ಹೇಳಿದನೋ!

ದೀಪಾವಳಿಗೆ ಮುಂಚೆ ಖಾಕಿ ಅಂಗಿ ಬಂತು. ಅಜ್ಜಿ ಕಾಲರಿಗೆ ಕುಂಕುಮ ಹಚ್ಚಿ, "ಬಲಗೈ ಮೊದಲು, ಮಗಾ" ಎಂದಳು.

ಅಣ್ಣ ಎಡಗೈಯನ್ನೇ ಮೊದಲು ತೂರಿಸಿದ. ಅಜ್ಜಿ ಕಾಣದವಳ ಹಾಗೆ ಕಿಟಕಿಯ ಕಡೆ ತಿರುಗಿ, ಟ್ರಾಮ್ ಹೋಯಿತೇ ಎಂದು ನನ್ನನ್ನು ಕೇಳಿದಳು.