ಕಬ್ಬಿಣದ ಕಾಡುಪಾಪ

ನನ್ನಂಥದ್ದು ಬಾಯಿ ತೆರೆಯುವುದೇ ಅಧಿಕಪ್ರಸಂಗ, ಓದುವವರು ಕ್ಷಮಿಸಬೇಕು. ನಾನು ಒಂದು ಕಾಡುಪಾಪ. ನಿಜವಾದದ್ದಲ್ಲ, ಕಬ್ಬಿಣದ್ದು. ನಿಜವಾದದ್ದು ಎರಡು ಅಂಗೈಯಲ್ಲಿ ಹಿಡಿಸುತ್ತದೆ. ನಾನು ಎಮ್ಮೆಯಷ್ಟಿದ್ದೇನೆ.

ತುಮಕೂರಿನ ಬಾಬಾಜಾನ್ ಅವರ ವೆಲ್ಡಿಂಗ್ ಶೆಡ್ಡಿನಲ್ಲಿ ಹುಟ್ಟಿದೆ. ಮೈಗೆ ಸೈಕಲ್ ಚೈನು, ಕೈಕಾಲಿಗೆ ನೀರಿನ ಪೈಪು, ಕಣ್ಣಿಗೆ ಹಳೆಯ ಸ್ಕೂಟರುಗಳ ಹೆಡ್‌ಲೈಟು. ಮಾಡಿಸಿದವರು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಪಂಕಜಾಕ್ಷಿ ಮೇಡಂ.

"ಕಣ್ಣು ಇಷ್ಟ್ ದೊಡ್ಡದಾದ್ರೆ ಮಕ್ಳು ಹೆದರ್ಕೊತವೆ ಮೇಡಂ," ಎಂದರು ಬಾಬಾಜಾನ್.

"ಅದರ ಕಣ್ಣೇ ಹಾಗಲ್ವಾ? ಹೆದರಿದ್ರೂ ಪರವಾಗಿಲ್ಲ, ಒಂದ್ಸಲ ತಿರುಗಿ ನೋಡ್ಲಿ."

ತಮ್ಮ ಬಡಾವಣೆಯ ಮರಗಳಲ್ಲಿ ಇಂಥದ್ದೊಂದು ಜೀವ ಇದೆಯೆಂದು ಅಲ್ಲಿಯ ಜನಕ್ಕೆ ತಿಳಿಯಬೇಕು, ತಿಳಿದರೆ ಮರ ಉಳಿಯುತ್ತದೆ ಎಂಬುದು ಅವರ ಆಸೆ.

ಪೀಠದ ಸಿಮೆಂಟು ಒಣಗುವವರೆಗೆ ನನ್ನನ್ನು ರಸ್ತೆ ಬದಿಯ ಹೊಂಗೆ ಮರದ ಕೆಳಗೆ ಅಂಗಾತ ಮಲಗಿಸಿದ್ದರು. ಒಂದು ಮುಸ್ಸಂಜೆ ನಿಜವಾದ ಕಾಡುಪಾಪವನ್ನು ಕಂಡೆ. ಈಚೆಯ ಹೊಂಗೆಯ ಕೊಂಬೆ ಆಚೆಯ ಹೊಂಗೆಯ ಕೊಂಬೆಗೆ ರಸ್ತೆಯ ಮೇಲೆಯೇ ತಾಗಿಕೊಂಡಿತ್ತು. ಅದು ಒಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದು, ಆಮೇಲೆ ಇನ್ನೊಂದು ಕೈ ಬಿಟ್ಟು, ಮೆಲ್ಲಗೆ ದಾಟಿತು. ಅದಕ್ಕೆ ನೆಗೆಯಲು ಬಾರದು. ನೋಡಿ ನನಗೆ ನಾಚಿಕೆಯಾಯಿತು. ನಾನು ಅದರ ಹಾಗೆ ಸ್ವಲ್ಪವೂ ಇರಲಿಲ್ಲ.

ಆಮೇಲೆ ನನ್ನನ್ನು ಅದೇ ಮರದ ಕೆಳಗೆ ಪೀಠದ ಮೇಲೆ ರಸ್ತೆಗೆ ಮುಖ ಮಾಡಿ ನಿಲ್ಲಿಸಿದರು. ಅನಾವರಣಕ್ಕೆ ಸಚಿವರು ಬರುವುದೆಂದಾಯಿತು. ಮೇಡಂ ಆಹ್ವಾನಪತ್ರಿಕೆ ಹಂಚಲು ಹೋಗಿದ್ದಾಗ ಬಡಾವಣೆ ಸಮಿತಿಯ ಅಧ್ಯಕ್ಷರಾದ ಗಂಗಹನುಮಯ್ಯನವರು ಆಳುಗಳನ್ನು ಕರೆತಂದರು. ಶಾಮಿಯಾನ ಏರಬೇಕು, ಸ್ವಾಗತ ಕಮಾನು ನಿಲ್ಲಬೇಕು, ಫೋಟೋಕ್ಕೆ ಬೆಳಕು ಬೇಕು. ನನ್ನ ತಲೆಯ ಮೇಲೆ ಗರಗಸದ ಸದ್ದು ಕೇಳಿತು. ಎರಡೂ ಮರಗಳ ಕೊಂಬೆಗಳು ರಸ್ತೆಗೆ ಬಿದ್ದವು.

ಮೇಡಂ ಬಂದವರೇ ಕೈಲಿದ್ದ ಪತ್ರಿಕೆಗಳನ್ನು ಕೆಳಗೆ ಬಿಟ್ಟರು. "ಅಯ್ಯೋ, ಅದು ಓಡಾಡೋ ದಾರಿ ಕಣ್ರೀ ಅದು!"

"ಯಾವ್ದು ಮೇಡಂ?"

"ಕಾಡುಪಾಪ!"

ಗಂಗಹನುಮಯ್ಯನವರು ಗಲಿಬಿಲಿಯಾಗಿ ನನ್ನ ಬೆನ್ನು ತಟ್ಟಿದರು. "ಇಲ್ಲೇ ಐತಲ್ಲ ಮೇಡಂ. ನಿಮ್ ಮೂರ್ತಿ ಚೆನ್ನಾಗ್ ಕಾಣ್ಲಿ ಅಂತ್ಲೇ ಕಡ್ಸಿದ್ದು."

ಅವರು ಕೆಟ್ಟವರಲ್ಲ. ಅನಾವರಣದ ದಿನ ಪರದೆ ಸರಿಯಿತು, ಚಪ್ಪಾಳೆ ಬಿತ್ತು. ಮೇಡಂ ಎರಡು ಮಾತಾಡಿ ಕುಳಿತುಬಿಟ್ಟರು. ಮಾರನೆಯ ದಿನ ಗಂಗಹನುಮಯ್ಯನವರೇ ತಮ್ಮ ಬೋರ್‌ವೆಲ್ಲಿನ ದಪ್ಪ ಹಗ್ಗ ಹೊತ್ತು ತಂದರು. ಬಾಬಾಜಾನ್ ಮರ ಹತ್ತಿ, ಈ ಮರದಿಂದ ಆ ಮರಕ್ಕೆ ಬಿಗಿದು ಕಟ್ಟಿದರು.

"ಇದ್ರ ಮೇಲೆ ಬರ್ತದಾ ಮೇಡಂ?" ಎಂದು ಕೇಳಿದರು ಬಾಬಾಜಾನ್.

"ನೋಡೋಣ," ಎಂದರು ಅವರು.

ಎಷ್ಟೋ ವರ್ಷ ಮೇಡಂ ಸಂಜೆ ಹೊತ್ತು ನನ್ನ ಪೀಠದ ಮೇಲೆ ಕುಳಿತು ಕತ್ತೆತ್ತಿ ನೋಡುತ್ತಿದ್ದರು. ಏನಾದರೂ ಕಂಡರೋ ಇಲ್ಲವೋ ಬಾಯಿಬಿಟ್ಟು ಹೇಳಲಿಲ್ಲ. ಈಗ ಬರುವುದಿಲ್ಲ. ನನಗೆ ತುಕ್ಕು ಹಿಡಿದಿದೆ, ಚೈನು ಉದುರುತ್ತಿದೆ. ಜನ ಇಂದಿಗೂ ನನ್ನ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ.

ಕೆಲವು ಮುಸ್ಸಂಜೆ ತಲೆಯ ಮೇಲೆ ಹಗ್ಗ ಕಿರುಗುಟ್ಟುತ್ತದೆ. ಗಾಳಿ ಇರಬಹುದು. ಅದೇ ಇರಬಹುದು. ನನಗೆ ಕತ್ತು ಎತ್ತಲು ಬರುವುದಿಲ್ಲ. ಗೊತ್ತಿಲ್ಲ.